ಅಪ್ಪ ಕಾಯುತ್ತಿರುವ ಮೀನು

ಮೂರನೇ ಮಹಡಿಯ ನಮ್ಮ ಮನೆ,
ಹದಿನಾಲ್ಕನೇ ತಾರೀಕು, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಪ್ಪಾ,

ನಿನ್ನ ಸೂಜಿಯ ನಮಸ್ಕಾರ. ಹೇಗಿದ್ದೀಯ? ಫೋನಿನಲ್ಲಿ ಕೇಳಿದರೆ "ಚೆನ್ನಾಗಿದೀನಮ್ಮ, ನಿಂದು ಊಟ ಆಯ್ತಾ" ಎಂದು ಹೇಳಿ, ನಾನು ಬಾಯಿ ತೆರೆಯುವಷ್ಟರಲ್ಲಿ ಫೋನನ್ನು ಅಕ್ಕನ ಕೈಗೆ ದಾಟಿಸಿಬಿಡುತ್ತೀಯ. ಅದಕ್ಕೇ ಕಾಗದ ಬರೆಯಲು ಕೂತೆ. ಕಾಲಿನ ಊತ ಇಳಿದಿದೆಯೇ? ಸಂಜೆಯಾದರೆ ಚಪ್ಪಲಿ ಪಟ್ಟಿಯ ಗುರುತು ಪಾದದ ಮೇಲೆ ಅಚ್ಚೊತ್ತಿದ ಹಾಗೆ ಮೂಡುತ್ತಿತ್ತಲ್ಲ, ಈಗಲೂ ಹಾಗೇ ಮೂಡುತ್ತದೆಯೋ? ಮಲಗುವಾಗ ಎರಡು ದಿಂಬು ಸಾಲುತ್ತದೋ, ಮೂರನೆಯದೂ ಬೇಕಾಯಿತೋ? ಡಾಕ್ಟರು ದಿಂಬಿನ ಲೆಕ್ಕದಲ್ಲೇ ಉಸಿರಿನ ಲೆಕ್ಕ ಹಾಕುತ್ತಾರೆ, ಆದ್ದರಿಂದ ಸುಳ್ಳು ಹೇಳಬೇಡ. ಊತ ಇಳಿಸುವ ಮಾತ್ರೆಯನ್ನು ಬೆಳಿಗ್ಗೆ ನುಂಗುತ್ತೀಯೋ ಇಲ್ಲವೋ? ಪದೇ ಪದೇ ಎದ್ದು ಹೋಗಬೇಕಾಗುತ್ತದೆ ಎಂದು ಅದನ್ನು ಅಂಗಿಯ ಜೇಬಿನಲ್ಲಿ ಬಚ್ಚಿಡುವ ಅಭ್ಯಾಸ ನನಗೆ ಗೊತ್ತಿಲ್ಲದ್ದೇನಲ್ಲ, ಒಗೆಯುವಾಗ ಎಷ್ಟು ಸಲ ಕರಗಿದ ಮಾತ್ರೆ ನನ್ನ ಬೆರಳಿಗೆ ಅಂಟಿದೆ. ಸಾರಿಗೆ ಉಪ್ಪಿಲ್ಲ ಎಂದು ತಟ್ಟೆ ಪಕ್ಕಕ್ಕೆ ತಳ್ಳಿದೆಯಂತೆ. ಅಕ್ಕ ಹೇಳಿದಳು. ಅವಳಿಗೆ ಕತ್ತರಿ ಎಂದು ಹೆಸರಿಟ್ಟವನು ನೀನೇ, ಈಗ ಆ ಕತ್ತರಿ ನಿನ್ನ ಉಪ್ಪನ್ನೇ ಕತ್ತರಿಸಿದರೆ ಗೊಣಗಿ ಏನು ಪ್ರಯೋಜನ? ಅವಳ ಜೊತೆ ಕಾಲು ಕೆರೆದು ಜಗಳಕ್ಕೆ ಹೋಗಬೇಡ. ಬೇಕೇ ಬೇಕೆನಿಸಿದರೆ ಭಾವನ ಜೊತೆ ಆಡು, ಅವರು ಏನಂದರೂ ನಗುತ್ತಾರೆ.

ಇನ್ನು ಇಲ್ಲಿಯ ಸುದ್ದಿ. ಈ ಮೆಟ್ಟಿಲು ಹತ್ತಲಾಗದೆ ನೀನು ಅಕ್ಕನ ಊರಿಗೆ ಹೋದಮೇಲೆ ಮನೆ ಬಿಕೋ ಎನ್ನುತ್ತಿದೆ. ಲಿಫ್ಟು ಹಾಕಿಸುತ್ತೇವೆ ಎಂದು ಮನೆಯ ಮಾಲೀಕರು ಈಗಲೂ ಸಿಕ್ಕಾಗಲೆಲ್ಲ ಹೇಳುತ್ತಾರೆ, ಹಾಕಿಸುವುದು ಬಾಯಲ್ಲಿ ಮಾತ್ರ. ಮೆಟ್ಟಿಲು ಹತ್ತುವಾಗ ಎರಡನೇ ಮಹಡಿಯ ತಿರುವಿನಲ್ಲಿ ಗೋಡೆಗೆ ಕೈಯೂರಿ, ಕಿಟಕಿಯಾಚೆ ಏನೋ ಭಾರೀ ಸಂಗತಿ ನಡೆಯುತ್ತಿರುವಂತೆ ನೋಡುತ್ತ ನಿಲ್ಲುತ್ತಿದ್ದೆಯಲ್ಲ, ಆ ಗೋಡೆಯಲ್ಲಿ ನಿನ್ನ ಅಂಗೈಯ ಗುರುತು ಇನ್ನೂ ಇದೆ. ಆ ಕಿಟಕಿಯಾಚೆ ಏನೂ ಇಲ್ಲ ಅಪ್ಪಾ, ಪಕ್ಕದ ಕಟ್ಟಡದ ನೀರಿನ ಕೊಳವೆ ಮತ್ತು ಯಾರೋ ಒಣಹಾಕಿ ಮರೆತ ಒಂದು ಕಾಲುಚೀಲ. ನಾನೂ ಈಗ ದಿನಾ ಅಲ್ಲಿ ಒಂದು ಗಳಿಗೆ ನಿಂತು ಅದನ್ನೇ ನೋಡಿ ಬರುತ್ತೇನೆ. ನಿನ್ನ ಕೆಲಸದ ಮೇಜನ್ನು ಕಿಟಕಿಯ ಪಕ್ಕದಿಂದ ಕದಲಿಸಿಲ್ಲ. ಒಂಟಿಯಾಗಿ ಊಟ ಮಾಡಲು ಮನಸ್ಸಾಗದೆ ತಟ್ಟೆಯನ್ನು ಆ ಮೇಜಿನ ಮೇಲಿಟ್ಟುಕೊಂಡು ಉಣ್ಣುತ್ತೇನೆ, ಬಟ್ಟೆಯ ಮೇಲೆ ಎಣ್ಣೆ ಬೀಳುತ್ತದೆ ಎಂದು ಬೈಯಲು ಯಾರೂ ಇಲ್ಲ. ಬೈದಿದ್ದರೆ ಎಷ್ಟು ಚೆನ್ನಾಗಿತ್ತು. ಕೆಳಗಿನ ಡ್ರೈಕ್ಲೀನಿಂಗ್ ಅಂಗಡಿಯವರು ನಿನ್ನನ್ನು ದಿನಾ ಕೇಳುತ್ತಾರೆ. ಮೊನ್ನೆ ಅವರು ಒಬ್ಬ ದೊಡ್ಡ ಮನುಷ್ಯರನ್ನು ಮೇಲಕ್ಕೇ ಕಳಿಸಿಬಿಟ್ಟರು. ಅವರ ಉಣ್ಣೆಯ ಕೋಟಿನ ಎದೆಯ ಮೇಲೆಯೇ ಸಿಗರೇಟಿನ ಕಿಡಿ ಬಿದ್ದು ತೂತಾಗಿತ್ತು. ಅಪ್ಪ ಊರಲ್ಲಿಲ್ಲ ಎಂದೆ. ತೂತು ಕಾಣದಂತೆ ನೇಯುವ ಬೇರೆ ರಫುಗಾರರ ವಿಳಾಸ ಕೊಡಲೇ ಎಂದೂ ಕೇಳಿದೆ. "ಬೇರೆಯವರು ಮಾಡಿದ್ರೆ ಕಾಣತ್ತಮ್ಮ" ಎಂದು ಕೋಟನ್ನು ಮಡಚಿಕೊಂಡು ಮೆಟ್ಟಿಲಿಳಿದರು. ನೀನು ಬರುವವರೆಗೆ ತೂತಿನ ಕೋಟು ಹಾಗೇ ಇರಲಿ ಎಂದೂ ಹೇಳಿಹೋದರು.

ಮೀನುಗಳು ಹೇಗಿವೆ ಎಂದು ಅಕ್ಕನ ಹತ್ತಿರ ಕೇಳುತ್ತೀಯಂತೆ. ಅವು ಚೆನ್ನಾಗಿವೆ, ನನಗಿಂತ ಚೆನ್ನಾಗಿವೆ. ನಮ್ಮ ಪ್ರಯೋಗಾಲಯದ ಮೀನಿನ ಕೋಣೆ ನೀನು ನೋಡಿದಾಗ ಇದ್ದಂತೆಯೇ ಇದೆ: ಗೋಡೆಯುದ್ದಕ್ಕೂ ಕಪಾಟು, ಕಪಾಟಿನ ತುಂಬ ಪಾರದರ್ಶಕ ಡಬ್ಬಿಗಳು, ಡಬ್ಬಿಯೊಳಗೆ ನೀಲಿ ಪಟ್ಟೆಯ, ಹುಣಸೆ ಎಲೆಯಷ್ಟು ತೆಳ್ಳನೆಯ ಜೀಬ್ರಾ ಮೀನುಗಳು, ಎಲ್ಲಕ್ಕೂ ಬೆಚ್ಚಗಿನ ನೀರು. ಒಳಗೆ ಕಾಲಿಟ್ಟರೆ ಕನ್ನಡಕ ಮಂಜಾಗುತ್ತದೆ. ಬೆಳಗಿನ ದೀಪ ಹತ್ತಿದ ಕೂಡಲೇ ಗಂಡು ಹೆಣ್ಣುಗಳ ನಡುವಿನ ಅಡ್ಡಹಲಗೆ ಎತ್ತುತ್ತೇನೆ, ಮೊಟ್ಟೆ ಉದುರುತ್ತವೆ. ಹೆತ್ತ ತಾಯಿಯೇ ಮೊಟ್ಟೆ ತಿಂದುಬಿಡುತ್ತಾಳೆ ಎಂದು ಕೆಳಗೆ ಜಾಲರಿ ಹಾಕಿರುತ್ತೇವೆ. ಅದನ್ನು ಕೇಳಿ ನೀನು ಮುಖ ಸಿಂಡರಿಸಿದ್ದೆ. ಆವತ್ತು ನಮ್ಮ ಮೇಡಂ ನಿನಗೆ ಸೂಕ್ಷ್ಮದರ್ಶಕದಲ್ಲಿ ಒಂದು ಮೊಟ್ಟೆ ತೋರಿಸಿದ್ದರು. ಕಣ್ಣು ಇನ್ನೂ ಸರಿಯಾಗಿ ಮೂಡದ ಮರಿಯೊಳಗೆ ಹೃದಯ ಪಟಪಟ ಹೊಡೆದುಕೊಳ್ಳುತ್ತಿತ್ತು. "ಇದಕ್ಕೇನಮ್ಮ ಇಷ್ಟು ಅವಸರ" ಎಂದು ಕೇಳಿದೆ. ಮೇಡಂ ಆ ಮಾತನ್ನು ಇವತ್ತಿಗೂ ಎಲ್ಲರ ಹತ್ತಿರವೂ ಹೇಳಿಕೊಂಡು ನಗುತ್ತಾರೆ.

ಆವತ್ತು ನೀನು ಇನ್ನೊಂದು ಪ್ರಶ್ನೆ ಕೇಳಿದ್ದೆ. ಮೀನಿಗೆ ಪ್ರಜ್ಞೆ ತಪ್ಪಿಸಿ, ಒದ್ದೆ ಸ್ಪಂಜಿನ ಸೀಳಿನಲ್ಲಿ ಹೊಟ್ಟೆ ಮೇಲಾಗಿ ಮಲಗಿಸಿ, ಸಾಸಿವೆ ಕಾಳಿನಷ್ಟು ಇರುವ ಅದರ ಹೃದಯಕ್ಕೆ ಮರಗಟ್ಟಿಸುವಷ್ಟು ತಣ್ಣನೆಯ ತಂತಿಯ ತುದಿ ಮುಟ್ಟಿಸುತ್ತೇವೆ, ಮುಟ್ಟಿದಷ್ಟು ಭಾಗ ಸಾಯುತ್ತದೆ, ಮೀನನ್ನು ಮತ್ತೆ ನೀರಿಗೆ ಬಿಡುತ್ತೇವೆ, ಒಂದೆರಡು ತಿಂಗಳಲ್ಲಿ ಹೃದಯ ತಾನಾಗಿ ತುಂಬಿಕೊಳ್ಳುತ್ತದೆ ಎಂದು ನಾನು ವಿವರಿಸಿದಾಗ, "ದಾರ ಎಲ್ಲಿಂದ ತಗೊಳ್ಳತ್ತೆ" ಎಂದೆ. ರಫು ಮಾಡುವವನಿಗೆ ಮೊದಲು ಹುಟ್ಟುವ ಪ್ರಶ್ನೆ ಅದೇ ತಾನೇ. ಹೊರಗಿನ ದಾರ ತಂದರೆ ಬಣ್ಣ ಎಷ್ಟೇ ಹೊಂದಿಸಿದರೂ ಕಾಣುತ್ತದೆ, ಅದಕ್ಕೇ ನೀನು ಅದೇ ಕೋಟಿನ ಒಳಮಡಿಕೆ ಬಿಚ್ಚಿ ಅಲ್ಲಿಂದ ಎಳೆ ತೆಗೆದು ತೂತನ್ನು ನೇಯುತ್ತೀಯ. ಮೀನೂ ಹಾಗೆಯೇ ಮಾಡುತ್ತದೆ. ಮೊದಲು ಗಾಯಕ್ಕೆ ರಕ್ತ ಹೆಪ್ಪುಗಟ್ಟಿಸಿ ಒಂದು ತೇಪೆ ಹಚ್ಚುತ್ತದೆ. ಆಮೇಲೆ ಗಾಯದ ಅಂಚಿನಲ್ಲಿ ಬದುಕುಳಿದ ಮಾಂಸಕೋಶಗಳು, ಹೊಡೆದುಕೊಳ್ಳುವ ತಮ್ಮ ಕೆಲಸವನ್ನು ಸ್ವಲ್ಪ ಕಾಲ ಕೈಬಿಟ್ಟು, ಮರಿಯಾಗಿದ್ದಾಗಿನ ಸ್ಥಿತಿಗೆ ಹಿಂದಿರುಗುತ್ತವೆ. ಒಂದು ಎರಡಾಗಿ ಎರಡು ನಾಲ್ಕಾಗಿ ತೂತನ್ನು ತುಂಬುತ್ತವೆ. ತುಂಬಿದ ಮೇಲೆ ಮತ್ತೆ ದೊಡ್ಡವಾಗಿ ಕೆಲಸಕ್ಕೆ ಸೇರುತ್ತವೆ, ತೇಪೆ ಕರಗಿಹೋಗುತ್ತದೆ. ಈ ಪ್ರತಿಯೊಂದು ಹೆಜ್ಜೆಗೂ ಕೋಶದೊಳಗಿನ ಜೀನ್‌ಗಳಿಂದ ಅಪ್ಪಣೆ ಬೇಕು. ನಾನು ಬೆನ್ನು ಹತ್ತಿರುವುದು ಅಂಥದೊಂದು ಜೀನನ್ನು. ಮಾಡುತ್ತಿರುವ ಕೆಲಸ ಬಿಡು, ಮರಿಯಾಗು ಎಂದು ಹೇಳುವ ಜೀನು ಅದು. ಅದನ್ನು ಅಡಗಿಸಿದ ಮೀನುಗಳ ಹೃದಯ ಕೂಡಿಕೊಳ್ಳುವುದಿಲ್ಲ, ತೇಪೆ ಸಮೇತ ಹಾಗೇ ಉಳಿಯುತ್ತದೆ. ಇದನ್ನೆಲ್ಲ ಕೇಳಿ ನೀನು ಬಹಳ ಹೊತ್ತು ತಲೆದೂಗಿದೆ. ನನ್ನ ಕೆಲಸವನ್ನು ನನ್ನ ಮನೆಯವರೊಬ್ಬರು ಪೂರ್ತಿ ಅರ್ಥ ಮಾಡಿಕೊಂಡದ್ದು ಅದೇ ಮೊದಲು. ಆ ದಿನ ಬಸ್ಸಿನಲ್ಲಿ ಮನೆಗೆ ಬರುವಾಗ ನನಗೆ ಎಷ್ಟು ಹೆಮ್ಮೆಯಾಗಿತ್ತೆಂದು ನಿನಗೆ ಹೇಳಿರಲಿಲ್ಲ.

ಈಗ ಆ ಮೀನೇ ನನ್ನ ಕೊರಳಿಗೆ ಉರುಳಾಗಿದೆ. ನಮ್ಮ ಪ್ರಯೋಗಾಲಯದ ಬಗ್ಗೆ ಪತ್ರಿಕೆಯಲ್ಲಿ ಬಂದದ್ದನ್ನು ನೀನು ಕತ್ತರಿಸಿ ಕನ್ನಡಕದ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದೀಯಂತೆ. ಹೆತ್ತವರಿಗೆ ಹೆಗ್ಗಣ ಮುದ್ದು, ಇಟ್ಟುಕೋ, ಬೇಡ ಎನ್ನುವುದಿಲ್ಲ. ಆದರೆ ಹೃದಯದ ಡಾಕ್ಟರು ರಕ್ತನಾಳ ಮುಚ್ಚಿಕೊಂಡಿದೆ, ಆಪರೇಷನ್ ಆಗಬೇಕು, ತಡ ಮಾಡಬೇಡಿ ಎಂದಾಗ ಆ ಚೂರನ್ನು ತೆಗೆದು ಅವರ ಮೇಜಿನ ಮೇಲಿಟ್ಟು, "ನಮ್ಮ ಹುಡುಗಿ ಮೀನಿನ ಹೃದಯ ಬೆಳೆಸ್ತಾಳೆ. ಅವಳದು ಆಗ್ಲಿ, ಆಮೇಲೆ ನೋಡೋಣ" ಎಂದು ಎದ್ದುಬಂದೆಯಂತಲ್ಲ? ಅಕ್ಕ ಫೋನಿನಲ್ಲಿ ಇದನ್ನು ಹೇಳುವಾಗ ಅಳುತ್ತಿದ್ದಳು, ನಮ್ಮ ಕತ್ತರಿ ಅಳುವುದನ್ನು ನಾನು ಎಷ್ಟೋ ವರ್ಷಗಳಿಂದ ಕೇಳಿರಲಿಲ್ಲ. ಮೀನು ತಿನ್ನುವುದನ್ನೂ ಬಿಟ್ಟಿದ್ದೀಯಂತೆ, ಉಪಕಾರ ಮಾಡುವವರನ್ನು ತಿನ್ನುವುದು ಹೇಗೆ ಎಂದೆಯಂತೆ. ಅಂಗಡಿಯಿಂದ ಎರಡು ಮೀನು ತಂದು ಗಾಜಿನ ಜಾಡಿಯಲ್ಲಿ ಬಿಟ್ಟುಕೊಂಡು ಬೆಳಗೆಲ್ಲ ಅವುಗಳ ಮುಂದೆ ಕೂರುತ್ತೀಯಂತೆ. ಅಪ್ಪಾ, ಅಕ್ಕ ಕಳಿಸಿದ ಫೋಟೊ ನೋಡಿದೆ. ಅವು ಗೋಲ್ಡ್ ಫಿಷ್. ನೀನು ನಂಬಿರುವ ಜಾತಿಯೇ ಅದಲ್ಲ. ಮೊದಲು ನನಗೆ ನಗು ಬಂತು. ಆಮೇಲೆ ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡು, ಮನೆಯಲ್ಲಿ ಯಾರೂ ಇಲ್ಲ ಎಂಬುದು ನೆನಪಾಗಿ, ಬಾಗಿಲು ತೆರೆದೇ ಅತ್ತೆ.

ಪತ್ರಿಕೆಯವರು ಬರೆದದ್ದು ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದ ಕತೆ. ಇದ್ದದ್ದು ಇದ್ದ ಹಾಗೆ ನಾನು ಹೇಳುತ್ತೇನೆ, ಕೇಳು. ಮೀನಿನಲ್ಲಿರುವ ಆ ಜೀನು ನಮ್ಮಲ್ಲಿಯೂ ಇದೆ. ನಿನ್ನ ಎದೆಯಲ್ಲಿಯೂ ಇದೆ. ತಾಯಿಯ ಹೊಟ್ಟೆಯಲ್ಲಿ ಹೃದಯ ಕಟ್ಟುವಾಗ ಅದು ಎಚ್ಚರವಾಗಿರುತ್ತದೆ, ಹುಟ್ಟಿದ ಮೇಲೆ ಮಲಗಿಬಿಡುತ್ತದೆ. ಮೀನಿನದು ಗಾಯವಾದರೆ ಏಳುತ್ತದೆ, ನಮ್ಮದು ಎಷ್ಟು ಕೂಗಿದರೂ ಏಳುವುದಿಲ್ಲ. ನಮ್ಮ ಪಕ್ಕದ ಪ್ರಯೋಗಾಲಯದವರು ಇಲಿಗಳಲ್ಲಿ ಅದನ್ನು ಬಲವಂತವಾಗಿ ಎಬ್ಬಿಸಿ ನೋಡಿದರು. ಎದ್ದಿತು, ಅದು ಸುಳ್ಳಲ್ಲ. ಗಾಯವಾದ ಜಾಗದಲ್ಲಿ ಹೊಸ ಕೋಶಗಳು ಹುಟ್ಟಿದವು, ಎಲ್ಲರೂ ಕೇಕು ತರಿಸಿ ತಿಂದೆವು. ಆದರೆ ಹೊಸದಾಗಿ ಹುಟ್ಟಿದವು ಹಳೆಯವುಗಳ ತಾಳಕ್ಕೆ ಸೇರಲೇ ಇಲ್ಲ, ಅವುಗಳ ಪಾಡಿಗೆ ಅವು ಹೊಡೆದುಕೊಂಡವು. ಎದ್ದ ಜೀನನ್ನು ಮತ್ತೆ ಮಲಗಿಸುವುದು ಹೇಗೆಂದು ಯಾರಿಗೂ ತಿಳಿಯಲಿಲ್ಲ. ಇಲಿಗಳ ಹೃದಯ ಅಡ್ಡಾದಿಡ್ಡಿ ಓಡಿ ನಿಂತುಹೋಯಿತು. ಬೆಟ್ಟ ಅಗೆದು ಇಲಿ ಹಿಡಿದರು ಎನ್ನುತ್ತಾರಲ್ಲ, ಇವರು ಹಿಡಿದ ಇಲಿಯೂ ಉಳಿಯಲಿಲ್ಲ.

ಈ ವಿದ್ಯೆ ಮನುಷ್ಯರಿಗೂ ದಕ್ಕುವ ದಿನ ಬಂದೇ ಬರುತ್ತದೆ ಎಂಬ ನಂಬಿಕೆ ನನಗಿದೆ. ಇಲ್ಲದಿದ್ದರೆ ಪಾಪದ ಮೀನುಗಳ ಎದೆಗೆ ತಣ್ಣನೆಯ ತಂತಿ ಮುಟ್ಟಿಸಿಕೊಂಡು ಯಾಕೆ ಕೂರುತ್ತಿದ್ದೆ? ಆದರೆ ಅದು ಬರುವಷ್ಟರಲ್ಲಿ ನನ್ನ ತಲೆ ಪೂರ್ತಿ ಬೆಳ್ಳಗಾಗಿರುತ್ತದೆ. ಅದು ಬೇರೆ ಯಾವಳೋ ಹುಡುಗಿಯ ಅಪ್ಪನಿಗೆ ಸಿಗುತ್ತದೆ. ಆ ಹುಡುಗಿ ಇನ್ನೂ ಹುಟ್ಟಿಲ್ಲ, ಅವಳ ಅಪ್ಪನೂ ಹುಟ್ಟಿರಲಾರ. ನನಗೆ ಅವಳ ಮೇಲೆ ಈಗಲೇ ಹೊಟ್ಟೆಕಿಚ್ಚು. ಬೇರೆಯವರ ಅಪ್ಪಂದಿರಿಗಾಗಿ ನಾನು ಆಯುಷ್ಯವಿಡೀ ಕೆಲಸ ಮಾಡುತ್ತೇನೆ, ಸಂತೋಷವಾಗಿಯೇ ಮಾಡುತ್ತೇನೆ, ಆದರೆ ನನ್ನ ಅಪ್ಪ ಅದಕ್ಕಾಗಿ ಕಾಯುತ್ತ ಕೂರುವುದು ಬೇಡ.

ಇಷ್ಟನ್ನೇ ಬರೆದು ಕಾಗದ ಮುಗಿಸಬಹುದಿತ್ತು. ಹೋದ ವಾರ ಭಾವ ಕೆಲಸದ ಮೇಲೆ ಇಲ್ಲಿಗೆ ಬಂದವರು ನೀನು ಕೊಟ್ಟ ಪೊಟ್ಟಣ ಕೊಟ್ಟು ಹೋಗದಿದ್ದರೆ ಹಾಗೆಯೇ ಮುಗಿಸುತ್ತಿದ್ದೆನೋ ಏನೋ. ಬಿಚ್ಚಿ ನೋಡಿದರೆ ನಿನ್ನ ಸೂಜಿಗಳ ಡಬ್ಬಿ, ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ. "ಮೀನು ನೋಡೋಕೆ ಅವಳಿಗೆ ಬೇಕಾಗತ್ತೆ ಅಂತ ಕೊಟ್ರು" ಎಂದು ಭಾವ ನಗುತ್ತಲೇ ಹೇಳಿದರು. ಅವರಿಗೆ ಏನೂ ಗೊತ್ತಿಲ್ಲ, ಅವರು ಬೀಗ ರಿಪೇರಿ ಮಾಡುವವರು, ಅವರ ಅಂಗಡಿಯಲ್ಲಿ ಯಾರ ಸ್ಕ್ರೂಡ್ರೈವರನ್ನು ಯಾರು ಬೇಕಾದರೂ ಎತ್ತಿಕೊಳ್ಳುತ್ತಾರೆ. ಆದರೆ ನಾನು ನಿನ್ನ ಮೇಜಿನ ಕೆಳಗೆ ಆಡಿ ಬೆಳೆದವಳು. ರಫು ಮಾಡುವವರು ತಮ್ಮ ಸೂಜಿಯನ್ನು ಇನ್ನೊಬ್ಬರ ಕೈಗೆ ಕೊಡುವುದಿಲ್ಲ. ಅಂಗಿಯ ಗುಂಡಿ ಕಿತ್ತುಹೋದರೂ ನಮಗೆ ಆ ಡಬ್ಬಿ ಮುಟ್ಟಲು ಬಿಡುತ್ತಿರಲಿಲ್ಲ, ಅದಕ್ಕೆ ಬೇರೆಯೇ ಸೂಜಿ ಇತ್ತು. ಆ ಡಬ್ಬಿ ನಿನಗೆ ಬಂದದ್ದು ನಿನ್ನ ಗುರುಗಳಿಂದ, ಅವರ ಕಣ್ಣು ಮಂಜಾಗಿ ಇನ್ನು ಸಾಕು ಎಂದು ಅವರು ಮೇಜಿನಿಂದ ಎದ್ದ ದಿನ. ಕೆಲಸ ಮುಗಿದವರು ಕೊಡುವುದು ಅದು. ಈ ಕತೆಯನ್ನು ನೀನೇ ನಮಗೆ ಎಷ್ಟೋ ಸಲ ಹೇಳಿದ್ದೀಯ.

ಮೀನಿನ ಔಷಧಿ ಬಂದು ಗುಣವಾಗುತ್ತದೆ, ಮತ್ತೆ ಮೆಟ್ಟಿಲು ಹತ್ತಿ ಮೇಜಿಗೆ ಕೂರುತ್ತೇನೆ ಎಂದು ನಂಬಿ ಕಾಯುವವನು ತನ್ನ ಸೂಜಿಗಳನ್ನು ಕಳಿಸುತ್ತಾನೆಯೇ ಅಪ್ಪಾ? ಡಬ್ಬಿಯನ್ನು ಕೈಯಲ್ಲಿ ಹಿಡಿದಾಗಲೇ ನನಗೆ ಎಲ್ಲ ಹೊಳೆಯಿತು. ನೀನು ಮೀನಿಗಾಗಿ ಕಾಯುತ್ತಿಲ್ಲ. ಡಾಕ್ಟರ ಎದುರು ಒಡ್ಡಲು ಒಂದು ನೆವ ಬೇಕಿತ್ತು, ಯಾರೂ ಬೈಯಲಾಗದ ನೆವ. ಮಗಳ ಮೀನು ಎಂದರೆ ಡಾಕ್ಟರೂ ನಕ್ಕು ಸುಮ್ಮನಾಗುತ್ತಾರೆ, ಅಕ್ಕನೂ ಅತ್ತು ಸುಮ್ಮನಾಗುತ್ತಾಳೆ. ಒಳಗೊಳಗೇ ನೀನು ಇಷ್ಟೇ ಸಾಕು ಎಂದು ತೀರ್ಮಾನ ಮಾಡಿಬಿಟ್ಟಿದ್ದೀಯ. ನನಗೆ ಸಿಟ್ಟು ಬಂತು. ಭಾವ ಚಹಾ ಕುಡಿದು ಹೋಗುವವರೆಗೆ ಹೇಗೋ ತಡೆದುಕೊಂಡೆ. ಆಮೇಲೆ ಡಬ್ಬಿಯನ್ನು ಬಟ್ಟೆಯ ಕಪಾಟಿನ ಮೇಲೆ, ನನ್ನ ಕೈಗೆ ಎಟುಕದಷ್ಟು ಹಿಂದಕ್ಕೆ ತಳ್ಳಿದೆ. ಅದು ನನಗೆ ಬೇಡ. ನನ್ನ ಹತ್ತಿರ ಅದಕ್ಕಿಂತ ಒಳ್ಳೆಯ ಸೂಕ್ಷ್ಮದರ್ಶಕ ಇದೆ.

ನೀನು ಯಾಕೆ ಹೀಗೆ ಮಾಡುತ್ತಿದ್ದೀಯ ಎಂಬುದೂ ನನಗೆ ಗೊತ್ತು. ನಾವು ಮೂವರೂ ಇಷ್ಟು ವರ್ಷ ಬಾಯಿ ಬಿಡದೆ ಬದುಕಿದ ವಿಷಯ ಅದು, ಈಗ ನಾನೇ ಬಿಡುತ್ತೇನೆ. ಅಮ್ಮನನ್ನು ತಳ್ಳುಗಾಡಿಯ ಮೇಲೆ ಆ ಹಸಿರು ಬಾಗಿಲಿನ ಒಳಗೆ ಕರೆದುಕೊಂಡು ಹೋದಾಗ, ಸಣ್ಣ ಆಪರೇಷನ್, ಮಧ್ಯಾಹ್ನದ ಊಟದ ಹೊತ್ತಿಗೆ ಹೊರಗೆ ಬರುತ್ತಾರೆ ಎಂದಿದ್ದರು. ನಾನು ಚಿಕ್ಕವಳು, ನನಗೆ ನೆನಪಿರುವುದು ಆ ಬೆಂಚು ಮತ್ತು ನಿನ್ನ ಮೊಣಕಾಲು ಮಾತ್ರ. ಊಟದ ಹೊತ್ತು ಕಳೆಯಿತು, ಬಾಗಿಲು ತೆರೆಯಲಿಲ್ಲ, ಆಮೇಲೆ ತೆರೆದಾಗ ಅಮ್ಮ ಇರಲಿಲ್ಲ. ಅದಾದ ಮೇಲೆ ನೀನು ಆ ಆಸ್ಪತ್ರೆಯ ರಸ್ತೆಗೇ ಕಾಲಿಡಲಿಲ್ಲ, ಸುತ್ತು ಹಾಕಿಕೊಂಡು ಹೋಗುತ್ತಿದ್ದೆ. ನಮ್ಮಿಬ್ಬರ ಜಡೆ ಹೆಣೆಯುವುದನ್ನು ನೀನೇ ಕಲಿತೆ. ಮಾತಿಲ್ಲದೆ, ನಿನ್ನ ರಫು ಕೆಲಸದಷ್ಟೇ ಬಿಗಿಯಾಗಿ ಹೆಣೆಯುತ್ತಿದ್ದೆ, ಶಾಲೆಯಲ್ಲಿ ಸಂಜೆಯವರೆಗೂ ಒಂದು ಕೂದಲು ಕದಲುತ್ತಿರಲಿಲ್ಲ, ತಲೆ ಮಾತ್ರ ನೋಯುತ್ತಿತ್ತು. ಆ ನೋವು ಈಗ ಬೇಕೆನಿಸುತ್ತದೆ. ನಿನಗೆ ಭಯವಾಗಿದ್ದರೆ ಭಯ ಎಂದು ಹೇಳು ಅಪ್ಪಾ. ನನಗೂ ಭಯವಾಗುತ್ತದೆ. ಆದರೆ ನಿನ್ನ ಭಯಕ್ಕೆ ನನ್ನ ಮೀನುಗಳನ್ನು ಮುಂದೆ ಮಾಡಬೇಡ, ಅವು ಏನು ಪಾಪ ಮಾಡಿವೆ.

ನಾನೇ ಡಾಕ್ಟರಿಗೆ ಫೋನು ಮಾಡಿ ಮಾತಾಡಿದೆ. ಅವರು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡುವವರಲ್ಲ, ಅದು ನನಗೆ ಹಿಡಿಸಿತು. ಹೃದಯದ ಕೆಳಗಿನ ಒಂದು ಭಾಗ ಸತ್ತು ಗಟ್ಟಿಯಾಗಿದೆ, ಅದು ಆಪರೇಷನ್ ಮಾಡಿದರೂ ಮರಳಿ ಬರುವುದಿಲ್ಲ ಎಂದರು. ಆದರೆ ಅದರ ಸುತ್ತ ಇನ್ನೊಂದಷ್ಟು ಮಾಂಸ ಸತ್ತಿಲ್ಲ, ರಕ್ತ ಸಾಲದೆ ಹಸಿದು ಸುಮ್ಮನೆ ಮಲಗಿದೆ, ರಕ್ತ ಕೊಟ್ಟರೆ ಅದು ಎದ್ದು ಕೆಲಸಕ್ಕೆ ಬರಬಹುದು ಎಂದರು. ಕಾದರೆ ಅದೂ ಹೋಗುತ್ತದೆ. ಮುಚ್ಚಿಹೋದ ನಾಳವನ್ನು ಸುತ್ತಿಕೊಂಡು ಹೋಗುವ ಹೊಸ ದಾರಿ ಮಾಡಿಕೊಡುತ್ತಾರಂತೆ. ಅದಕ್ಕೆ ನಾಳ ಎಲ್ಲಿಂದ ತರುತ್ತೀರಿ ಎಂದು ಕೇಳಿದೆ. ನಿನ್ನ ಮಗಳಲ್ಲವೇ, ಕೇಳದೆ ಇರುತ್ತೇನೆಯೇ. ಹೊರಗಿನದು ಏನೂ ಇಲ್ಲ, ಅವರದೇ ಕಾಲಿನಿಂದ ತೆಗೆಯುತ್ತೇವೆ, ಕಾಲಿಗೆ ಅದಿಲ್ಲದಿದ್ದರೂ ನಡೆಯುತ್ತದೆ ಎಂದರು. ನನಗೆ ಫೋನು ಹಿಡಿದೇ ನಗು ಬಂತು. ಮೀನಿನಷ್ಟು ನಯವಾದ ಕೆಲಸವಲ್ಲ ಅದು, ಎದೆಯ ಮೇಲೆ ಗುರುತು ಉಳಿಯುತ್ತದೆ, ನೀನು ಕನ್ನಡಿಯ ಮುಂದೆ ನಿಂತು ಹೊಲಿಗೆಯಲ್ಲಿ ಹುಳುಕು ಹುಡುಕುವುದು ಖಂಡಿತ. ಹುಡುಕು. ಡಾಕ್ಟರ ಹೊಲಿಗೆಯನ್ನು ಎಷ್ಟು ಬೇಕಾದರೂ ಆಡಿಕೋ, ನಾನು ಕೂತು ಕೇಳುತ್ತೇನೆ. ಅಪಾಯವೇ ಇಲ್ಲ ಎಂದು ಅವರು ಹೇಳಲಿಲ್ಲ, ನಾನೂ ಹೇಳುವುದಿಲ್ಲ. ಮಾಡಿಸದೆ ಕೂರುವುದೇ ಹೆಚ್ಚು ಅಪಾಯ ಎಂದು ಮಾತ್ರ ಹೇಳಿದರು.

ನನಗೆ ನೀನು ಬೇಕು ಅಪ್ಪಾ. ಇದನ್ನು ಬರೆಯುವುದಕ್ಕೆ ಇಷ್ಟು ದೂರ ಸುತ್ತಿ ಬಂದೆ. ನೀನು ರಫು ಮಾಡಬೇಕೆಂದೇನೂ ಇಲ್ಲ, ಮೇಜಿಗೆ ಕೂರಬೇಕೆಂದೇನೂ ಇಲ್ಲ, ಈ ಮನೆಯಲ್ಲಿ ಕುಳಿತು ನನ್ನ ಕೂದಲು ಸರಿಯಿಲ್ಲ, ಅಡುಗೆ ಸರಿಯಿಲ್ಲ, ಅಂಗಿಯ ಅಂಚು ಬಿಟ್ಟಿದೆ ಎಂದು ಹೇಳುತ್ತಿದ್ದರೆ ಸಾಕು. ಸಂಜೆ ಬಂದು ಬೀಗ ತೆಗೆಯುವಾಗ ಒಳಗಿನಿಂದ ಕೆಮ್ಮು ಕೇಳಬೇಕು. ಮಾತಾಡಲು ಬೇರೆ ಯಾರೂ ಸಿಗದೆ ನಾನು ಮೀನುಗಳ ಜೊತೆ ಮಾತಾಡತೊಡಗಿದ್ದೇನೆ. ಮೊನ್ನೆ ಒಂದು ಮೀನಿಗೆ "ಊಟ ಆಯ್ತಾ" ಎಂದು ಕೇಳಿದೆ. ಬಾಗಿಲಲ್ಲಿ ನಿಂತಿದ್ದ ಮೇಡಂ ಕೇಳಿಸಿಕೊಂಡು ಹಾಗೇ ಹೊರಟುಹೋದರು.

ಸಾಕು, ಕಾಗದ ಉದ್ದವಾಯಿತು. ಇದನ್ನು ನೀನೇ ಓದು, ಅಕ್ಕನಿಂದ ಓದಿಸಬೇಡ, ಅವಳು ನಡುವೆ ನಡುವೆ ತನ್ನದೂ ಸೇರಿಸುತ್ತಾಳೆ. ಅವಳಿಗೆ ನನ್ನ ಮುತ್ತು, ಭಾವನಿಗೆ ನಮಸ್ಕಾರ. ಗೋಲ್ಡ್ ಫಿಷ್‌ಗಳಿಗೆ ದಿನಾ ಅನ್ನ ಹಾಕಬೇಡ, ನೀರು ಕೆಡುತ್ತದೆ. 'ಚೆನ್ನಾಗಿರು ಮಗಳೇ' ಎಂದು ನೀನು ತಲೆಯ ಮೇಲೆ ಕೈಯಿಟ್ಟು ಎಷ್ಟು ದಿನವಾಯಿತು, ಈ ಸಲ ಆ ಮಾತನ್ನು ನಾನೇ ನಿನಗೆ ಹೇಳುತ್ತೇನೆ: ಚೆನ್ನಾಗಿರು ಅಪ್ಪಾ, ಬಹಳ ವರ್ಷ ಚೆನ್ನಾಗಿರು.

ನಿನ್ನ ಕಿರಿಯವಳು,
ಸೂಜಿ

ತಾ.ಕ. ಲಕೋಟೆ ಅಂಟಿಸುವ ಮುಂಚೆ ಅವಸರದಲ್ಲಿ ಬರೆಯುತ್ತಿದ್ದೇನೆ, ಮೊದಲೇ ಬರೆದಿದ್ದರೆ ಉಳಿದದ್ದನ್ನು ನೀನು ಓದುತ್ತಿರಲಿಲ್ಲ. ಡಾಕ್ಟರ ಹತ್ತಿರ ಇಪ್ಪತ್ತೈದನೇ ತಾರೀಕು ಗುರುವಾರ ಆಪರೇಷನ್ನಿಗೆ ಒಂದು ಜಾಗ ಖಾಲಿ ಇತ್ತು. ನಿನ್ನನ್ನು ಕೇಳದೆ ನಾನು ಹೂಂ ಎಂದುಬಿಟ್ಟೆ. ಅದೇ ವಾರ ನನ್ನ ಮೀನುಗಳ ಹೃದಯ ಕೂಡಿಕೊಂಡಿದೆಯೋ ಇಲ್ಲವೋ ನೋಡಬೇಕಿತ್ತು, ಅದನ್ನು ಮೇಡಂ ಅವರಿಗೆ ಒಪ್ಪಿಸಿದ್ದೇನೆ. "ಹೋಗು, ಮೀನು ಎಲ್ಲಿಗೂ ಓಡಿಹೋಗಲ್ಲ" ಎಂದರು. ಬುಧವಾರ ಸಂಜೆಯ ಬಸ್ಸಿಗೆ ಅಲ್ಲಿರುತ್ತೇನೆ. ಗುರುವಾರ ನೀನು ಒಳಗೆ ಹೋದರೆ ಆ ಬಾಗಿಲಿನ ಹೊರಗೆ ಈ ಸಲ ನಾನು ಕೂರುತ್ತೇನೆ, ಊಟದ ಹೊತ್ತು ಕಳೆದರೂ ಏಳುವುದಿಲ್ಲ. ಬೇಡ ಎನ್ನುವುದಿದ್ದರೆ ಬುಧವಾರ ನನ್ನ ಮುಖ ನೋಡಿಕೊಂಡು ಅನ್ನು.